ಮಷೀನನ್ನು ಮಾತಾಡಿಸಲು ಬಂದವರು

ನಮ್ಮ ಕಡೆ ಯಾರಿಗಾದರೂ ಜ್ವರ ಬಂದರೆ ಊರಿಗೆ ಊರೇ ಮಾತಾಡಿಸಲು ಬರುತ್ತದೆ. ಮಷೀನು ಕೆಟ್ಟರೂ ಹಾಗೆಯೇ. ವ್ಯತ್ಯಾಸ ಇಷ್ಟೇ: ಜ್ವರ ಬಂದವನ ಹೊಟ್ಟೆಯೊಳಗೆ ಯಾರೂ ಬೆರಳು ಅದ್ದಿ ನೋಡುವುದಿಲ್ಲ.

ಆಳಂದದಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಮಣ್ಣು ತೋಡುವ ಮಷೀನು, ಟ್ರ್ಯಾಕ್ಟರಿನ ಲೋಡರು, ಹಂಗಾಮಿನಲ್ಲಿ ಹವಳಗಾ ಕಡೆಯ ಕಬ್ಬು ಕಡಿಯುವ ಮಷೀನು, ಹೀಗೆ ಎಣ್ಣೆಯ ಒತ್ತಡದಿಂದ ಏಳುವ ಬಾಗುವ ಎಲ್ಲದರ ಹೈಡ್ರಾಲಿಕ್ ಕೆಲಸ ಮಾಡುತ್ತೇನೆ. ಬಿಚ್ಚುವುದು, ಬಿಗಿಯುವುದು ಯಾರಿಗಾದರೂ ಬರುತ್ತದೆ. ಕಷ್ಟವಿರುವುದು ಒಳಗೆ ಕಸ ಹೋಗದಂತೆ ಕಾಯುವುದರಲ್ಲಿ. ಪಂಪಿನೊಳಗಿನ ಸಂದುಗಳು ಕೂದಲಿಗಿಂತ ಸಣ್ಣವು. ಕಣ್ಣಿಗೆ ಕಾಣದ ಧೂಳು ಹೊಕ್ಕರೂ ಸಾಕು, ಹೊಸ ಪಂಪು ಒಳಗೊಳಗೇ ಗೀರಿಕೊಂಡು ಹಾಳಾಗುತ್ತದೆ. ಅದಕ್ಕೇ ಪೈಪು ಬಿಚ್ಚಿದ ಕೂಡಲೇ ಅದರ ಬಾಯಿಗೆ ಬಿರಡೆ ಹಾಕುತ್ತೇನೆ, ಇಲ್ಲದಿದ್ದರೆ ಹೊಸ ಪ್ಲಾಸ್ಟಿಕ್ ಚೀಲ ಕಟ್ಟುತ್ತೇನೆ. ಹಳೆ ಲುಂಗಿ ಹರಿದು ತುರುಕುವವರನ್ನು ಕಂಡರೆ ಮೈ ಉರಿಯುತ್ತದೆ. ಬಟ್ಟೆಯ ನೂಲೂ ಕಸವೇ. ಉಂಡ ತಾಟು ಎತ್ತಿಡದ ಈ ಮನುಷ್ಯನ ಮಡಿಯೆಲ್ಲ ಮಂದಿಯ ಮಷೀನಿಗೇ ಮೀಸಲು ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಜೇವರ್ಗಿ ತಾಲೂಕಿನ ಕೊಳಕೂರಿನಲ್ಲಿ ಒಬ್ಬ ಹೆಣ್ಣುಮಗಳು ಗಂಡ ತೀರಿಕೊಂಡ ಮೇಲೆ ಅವನ ಮಣ್ಣು ತೋಡುವ ಮಷೀನನ್ನು ಮಾರಲಿಲ್ಲ. ಓಡಿಸಲು ಡ್ರೈವರನನ್ನು ಇಟ್ಟು, ಕೆಲಸ ಹಿಡಿಯುವುದನ್ನು ತಾನೇ ಕಲಿತಳು. ಊರಿನ ಗಂಡಸರಿಗೆ ಇದು ನುಂಗಲಾರದ ತುತ್ತಾಯಿತು. ಅವಳ ಗಂಡನ ಅಣ್ಣನಿಗಂತೂ ನಿದ್ದೆಯೇ ಹೋಯಿತು. "ಹೆಣ್ಣಮಕ್ಕಳಿಗಿ ಮಷೀನ ಹತ್ತೂದಿಲ್ಲ, ನನಗ ಕೊಟ್ಟಬಿಡು" ಎಂದು ಕಂಡಾಗಲೆಲ್ಲ ಹೇಳುತ್ತಿದ್ದ.

ಮೊದಲ ಸಲ ಅವಳ ಮಷೀನಿನ ಪಂಪು ಬದಲಿಸಲು ಹೋದೆ. ನಾನು ನಟ್ಟು ಬಿಚ್ಚುವ ಪಾನಾ ಹೊರಗೆ ತೆಗೆಯುವಷ್ಟರಲ್ಲಿ ಹನುಮಂತ ದೇವರ ಕಟ್ಟೆ ಖಾಲಿಯಾಗಿ ಅವಳ ಅಂಗಳ ತುಂಬಿತು. ಬಂದ ಹಿರಿಯರು ಬರಿಗೈಯಲ್ಲಿ ಬಂದಿರಲಿಲ್ಲ. ಎಲ್ಲರ ಅಂಗೈಯಲ್ಲೂ ತಂಬಾಕು, ಉಗುರಿನ ತುದಿಯಲ್ಲಿ ಸುಣ್ಣ. ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕುವುದು, ಮೇಲೆ ಪಟಪಟ ಚಪ್ಪಾಳೆ ಹೊಡೆದು ಪುಡಿ ಹಾರಿಸುವುದು, ತುಟಿಯೊಳಗೆ ಇಡುವುದು, ಆಮೇಲೆ ಅಭಿಪ್ರಾಯ ಕೊಡುವುದು. ಚಪ್ಪಾಳೆಗೆ ಅವರು ಆರಿಸಿಕೊಂಡ ಜಾಗ ಮಷೀನಿನ ಎಣ್ಣೆ ಟಾಕಿಯ ತಲೆ. ನಾನು ಟಾಕಿಯ ಬಾಯಿಗೆ ಚೀಲ ಕಟ್ಟಿ ಮಷೀನಿನ ಕೆಳಗೆ ತೂರಿಕೊಂಡರೆ, ಯಾರೋ ಅದನ್ನು ಬಿಚ್ಚಿ ಬೆರಳು ಅದ್ದುತ್ತಿದ್ದರು.

"ಎಣ್ಣಿ ತೆಳ್ಳಗಾಗ್ಯದ."

"ಇಲ್ಲ ತಗೋ, ಭಾಳ ಗಟ್ಟಿ ಆಗ್ಯದ."

ಎರಡೂ ಒಂದೇ ಟಾಕಿಯ ಎಣ್ಣೆ.

ಎಲ್ಲರಿಗಿಂತ ಹಿರಿಯನಾದ ಮುತ್ಯಾನಿಗೆ ನಾನು ಕೈಮುಗಿದು ಹೇಳಿದೆ: "ಮುತ್ಯಾ, ಜರಾ ದೂರ ಕೂಡ್ರಿ. ಒಳಗ ಕಸ ಬೀಳ್ತದ."

"ಲೇ ತಮ್ಮಾ, ಮಣ್ಣು ತೋಡೂ ಮಷೀನಿಗಿ ಮಣ್ಣಿಂದ ಏನಾಗ್ತದ?" ಎಂದ ಮುತ್ಯಾ. ಸುತ್ತಲಿದ್ದವರು ತಲೆದೂಗಿದರು. ನಾನು ಟಾಕಿಗೆ ಇನ್ನೊಂದು ಚೀಲ ಕಟ್ಟಿ ಮತ್ತೆ ಕೆಳಗೆ ತೂರಿಕೊಂಡೆ.

ಕೆಲವೇ ವಾರಗಳಲ್ಲಿ ಹೊಸ ಪಂಪು ಊಳಿಡತೊಡಗಿತು, ಮಷೀನಿನ ತೋಳು ಅರ್ಧಕ್ಕೆ ನಿಂತಿತು. ಕಟ್ಟೆಯ ಮೇಲೆ ತನಿಖೆ ನಡೆದು ಅಪರಾಧಿಗಳು ಸಿಕ್ಕರು: ಆಳಂದದ ಮಿಸ್ತ್ರಿಯ, ಅಂದರೆ ನನ್ನ ಕೈಗುಣ, ಅಮಾವಾಸ್ಯೆ, ಮತ್ತು ಆ ಹೆಣ್ಣುಮಗಳು.

ಅವಳು ನನಗೆ ಫೋನು ಮಾಡಿದಳು. "ಮಿಸ್ತ್ರಿ, ನಾಳಿಗಿ ಕಾಲುವಿ ಕೆಲಸ ಚಾಲೂ ಆಗಬೇಕು. ಮಷೀನ ಹೋಗಲಿಲ್ಲಂದ್ರ ಆ ಕೆಲಸ ಬ್ಯಾರೆಯವರಿಗಿ ಹೋಗ್ತದ. ಅದೂ ಹೋದ್ರ ಭಾವಾರಿಗಿ ಮಷೀನ ಕೊಡೂದೇ ಗತಿ."

ಮಷೀನನ್ನು ತೊಳೆಸಿ, ಅಂಗಳ ಹಸಿ ಮಾಡಿಡಲು ಹೇಳಿ ಹೊಸ ಪಂಪಿನೊಂದಿಗೆ ಹೊರಟೆ. ಹೋಗಿ ನೋಡಿದರೆ ಅವಳು ನೀರು ಚಿಮುಕಿಸಿದ್ದಲ್ಲದೆ, ಒಗೆದ ಸೀರೆಗಳನ್ನು ಹಗ್ಗಕ್ಕೆ ಹಾಕಿ ಮಷೀನಿನ ಸುತ್ತ ಮರೆ ಕಟ್ಟಿದ್ದಳು. ನನ್ನ ಮಾತನ್ನು ಇಷ್ಟು ಮನಸ್ಸಿಗೆ ಹಚ್ಚಿಕೊಂಡವರನ್ನು ನಾನು ಕಂಡಿರಲಿಲ್ಲ. ನಿಜಕ್ಕೂ ಕಣ್ಣು ತುಂಬಿತು. ಅಷ್ಟರಲ್ಲಿ ಹಿರಿಯರು ನಾಟಕದ ಪರದೆ ಸರಿಸಿದಂತೆ ಸೀರೆ ಸರಿಸಿ ಒಳಗೆ ಬಂದರು. ಭಾವ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ಮುಂದೆಯೇ ಕುಳಿತ.

"ಇವತ್ತು ಹಿರ್ಯಾರ ಮುಂದ ಈ ಮಷೀನಿನ ಮಾತು ಮುಗಿಸೂನು" ಎಂದು ಹೇಳಿ, ತಂಬಾಕು ತಿಕ್ಕಿ ಚಪ್ಪಾಳೆ ಹೊಡೆದು ಬಾಯಿಗೆ ಹಾಕಿಕೊಂಡ.

ಪಂಪು ಎಣ್ಣೆ ಎಳೆಯುವ ದಾರಿಯಲ್ಲಿ, ಟಾಕಿಯೊಳಗೆ ಒಂದು ಜಾಲರಿ ಇರುತ್ತದೆ. ಎಣ್ಣೆ ಖಾಲಿ ಮಾಡಿ ಅದನ್ನು ಹೊರಗೆ ತೆಗೆದೆ. ಕಂದು ಎಸಳುಗಳು ಅದರ ತುಂಬ ಅಂಟಿದ್ದವು, ನಡುವೆ ಸುಣ್ಣದ ಬಿಳಿ ಹರಳು. ಅವಳನ್ನು ಕರೆದು ತೋರಿಸಿದೆ.

"ತಂಬಾಕು ಅಕ್ಕಾ. ಇದು ಜಾಲಿ ಕಟ್ಟಿ ಎಣ್ಣಿ ಬರದಂಗ ಮಾಡ್ಯದ. ಸಣ್ಣ ಪುಡಿ ಪಾರಾಗಿ ಪಂಪ್ ತಿಂದದ."

ನಾನಾಗಿದ್ದರೆ ಊರು ಕೇಳುವಂತೆ ಬೈಯುತ್ತಿದ್ದೆ. ಅವಳು ಒಳಗೆ ಹೋಗಿ, ಬಂದವರಿಗೆ ಎಲೆ-ಅಡಿಕೆ ಕೊಡುವ ತಟ್ಟೆ ತಂದಳು. ಜಾಲರಿಯಲ್ಲಿದ್ದುದನ್ನು ಚಮಚದಿಂದ ಕೆರೆದು ಅದರಲ್ಲಿ ಹಾಕಿದಳು. ತಲೆಯ ಮೇಲೆ ಸೆರಗು ಸರಿಮಾಡಿಕೊಂಡು ಮುತ್ಯಾನ ಮುಂದೆ ಬಾಗಿದಳು.

"ತಗೋರಿ ಮುತ್ಯಾ."

"ಏನವ್ವಾ ಇದು?"

"ನಿಮ್ಮದೇ ತಂಬಾಕ್ರಿ. ಹ್ವಾದ ಸಲ ನನ್ನ ಟಾಕ್ಯಾಗ ಬಿಟ್ಟು ಹೋಗಿದ್ರಿ."

ಅಂಗೈಗಳಲ್ಲಿ ಓಡುತ್ತಿದ್ದ ಹೆಬ್ಬೆರಳುಗಳು ನಿಂತವು. ಮುತ್ಯಾ ಮಾತ್ರ ಒಂದು ಚಿಟಿಕೆ ಎತ್ತಿ, ಮೂಸಿ, ಬೆಳಕಿಗೆ ಹಿಡಿದು ನೋಡಿದ.

"ಸುಣ್ಣ ಜರಾ ಜಾಸ್ತಿ ಆಗ್ಯದ" ಎಂದು ತೀರ್ಪು ಕೊಟ್ಟ.

ತಟ್ಟೆ ಭಾವನ ಮುಂದೆ ಬಂತು. "ಮಾತು ಮುಗಿಸೂನು ಅಂದಿದ್ರಿ. ಹೇಳ್ರಿ ಭಾವಾರ" ಎಂದಳು. ಅವನ ಬಾಯಿ ತುಂಬಿತ್ತು. ಮಾತಾಡಬೇಕೆಂದರೆ ಉಗುಳಬೇಕು. ಉಗುಳಲು ಒಂದು ಕಡೆ ಸಾರಿಸಿದಂತಿದ್ದ ಅಂಗಳ, ಇನ್ನೊಂದು ಕಡೆ ಒಗೆದ ಸೀರೆಗಳು, ಎದುರಿಗೆ ತಟ್ಟೆ ಹಿಡಿದು ನಿಂತ ತಮ್ಮನ ಹೆಂಡತಿ. ಆಚೆ ಈಚೆ ನೋಡಿದ. ಕೊನೆಗೆ ಕಣ್ಣು ಮುಚ್ಚಿ ನುಂಗಿದ.

ಹಿರಿಯರು ಒಬ್ಬೊಬ್ಬರಾಗಿ ಸೀರೆಯ ಆಚೆ ಹೋಗಿ ಕುಳಿತರು. ನಾನು ಟಾಕಿ ತೊಳೆದು, ಪೈಪು ಸ್ವಚ್ಛ ಮಾಡಿ, ಪಂಪು ಕೂರಿಸಿ, ಹೊಸ ಎಣ್ಣೆ ಸೋಸಿ ತುಂಬಿದೆ. ಜೀವಮಾನದಲ್ಲಿ ಅಷ್ಟು ನೆಮ್ಮದಿಯಿಂದ ನಾನು ಕೆಲಸ ಮಾಡಿದ್ದಿಲ್ಲ. ಹೊತ್ತು ಮುಳುಗುವ ಮುನ್ನ ಡ್ರೈವರ್ ಮಷೀನು ಚಾಲೂ ಮಾಡಿದ. ಊಳಿಲ್ಲ, ಏನಿಲ್ಲ, ತೋಳು ಸೀರೆಗಳ ಮೇಲಿಂದ ಸರಾಗ ಎದ್ದಿತು. ಎಲ್ಲರೂ ರೂಢಿಯಂತೆ ಏನನ್ನುತ್ತಾನೋ ಎಂದು ಭಾವನ ಮುಖ ನೋಡಿದರು. ಅವನು ಬಾಯಿ ತೆರೆದ. ಬಿಕ್ಕಳಿಕೆ ಬಂತು.

"ತಡೀರಿ ಭಾವಾರ, ನೀರು ತರ್ತೇನಿ" ಎಂದು ಅವಳು ಒಳಗೆ ಹೊರಟಳು. ಹೋಗುತ್ತಲೇ ಡ್ರೈವರನಿಗೆ, ನಸುಕಿನಲ್ಲೇ ಕಾಲುವೆಗೆ ಹೊರಡಬೇಕೆಂದು ಕೂಗಿ ಹೇಳಿದಳು.