ಗಾಲ್ಫ್ ಅಜ್ಜ ನಿಜ ಹೇಳಿದ್ದು

ಸತ್ಯವಂತರ ಜೊತೆ ಏಗುವುದು ಕಷ್ಟ. ಸುಳ್ಳುಗಾರರನ್ನಾದರೆ ಬೈದು ಬಿಡಬಹುದು. ಸಿಡ್ನಿಯ ಎಪ್ಪಿಂಗ್‌ನ ಆ ಗಾಲ್ಫ್ ಅಜ್ಜನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ವಯಸ್ಸಾದವರ ಮನೆಗೆ ಹೋಗಿ ಅವರ ಸ್ನಾನ, ಊಟ, ಮಾತ್ರೆ ನೋಡಿಕೊಳ್ಳುವುದು ನನ್ನ ಕೆಲಸ. ಗಿರಾವೀನ್‌ನ ನಮ್ಮ ಮನೆಯಿಂದ ಬೆಳಿಗ್ಗೆ ಹೊರಟು ಮೊದಲು ಅಜ್ಜನ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದೆ. ತೊಂಬತ್ತು ದಾಟಿದ ಇಂಗ್ಲೆಂಡಿನವರು, ಒಂಟಿ. ಐವತ್ತರ ದಶಕದಲ್ಲಿ ಅಲ್ಲಿ ಗಾಲ್ಫ್ ಆಡಿಯೇ ಹೊಟ್ಟೆ ಹೊರೆದವರು. ಆಗ ವೃತ್ತಿಯ ಆಟಗಾರನೆಂದರೆ ಕ್ಲಬ್ಬಿನ ಆಳು. ಸಾಹುಕಾರರಿಗೆ ಆಟ ಕಲಿಸಬೇಕು, ಅವರ ಕೋಲುಗಳನ್ನು ರಿಪೇರಿ ಮಾಡಬೇಕು, ಊಟ ಮಾತ್ರ ಹಿಂದಿನ ಶೆಡ್ಡಿನಲ್ಲಿ. ಮುಂಬಾಗಿಲಿನಿಂದ ಒಳಗೆ ಹೋಗುವ ಹಾಗಿಲ್ಲ. ಇದೆಲ್ಲ ನಮ್ಮೂರಲ್ಲೂ ಗೊತ್ತಿರುವುದೇ ಎಂದೆ. ಅಜ್ಜ ನಕ್ಕರು.

ಒಮ್ಮೆ ದೊಡ್ಡ ಪಂದ್ಯವೊಂದನ್ನು ಇನ್ನೇನು ಗೆಲ್ಲುವುದರಲ್ಲಿದ್ದರಂತೆ. ಕೊನೆಯ ದಿನ, ಹುಲ್ಲಿನಲ್ಲಿದ್ದ ಚೆಂಡಿನ ಹಿಂದೆ ಕೋಲು ಇಟ್ಟಾಗ ಚೆಂಡು ಕೂದಲೆಳೆಯಷ್ಟು ಅಲುಗಿತು. ಯಾರೂ ನೋಡಲಿಲ್ಲ. ಗಾಲ್ಫಿನಲ್ಲಿ ಆಟಗಾರ ತನ್ನ ತಪ್ಪನ್ನು ತಾನೇ ಹೇಳಿ ದಂಡ ಹಾಕಿಸಿಕೊಳ್ಳಬೇಕು. ಅಜ್ಜ ಹೇಳಿದರು, ಲೆಕ್ಕಕ್ಕೆ ಒಂದು ಹೊಡೆತ ಹೆಚ್ಚಾಯಿತು. ಆ ಒಂದು ಹೊಡೆತದ ಅಂತರದಲ್ಲಿ ಪಂದ್ಯ ಹೋಯಿತು. ಮತ್ತೆ ಅಂಥ ಅವಕಾಶ ಬರಲಿಲ್ಲ. ಹೊಟ್ಟೆಪಾಡಿಗೆ ಸಿಡ್ನಿಗೆ ಬಂದು, ಇಲ್ಲಿನ ಕ್ಲಬ್ಬೊಂದರಲ್ಲಿ ಆಟ ಕಲಿಸುತ್ತಲೇ ಮುದುಕರಾದರು.

ಅವರಿಗೆ ಉಳಿದಿದ್ದ ಆಸೆ ಒಂದೇ, ತಮ್ಮ ಮನೆಯಲ್ಲೇ ಸಾಯಬೇಕು. ಮೆಲ್ಬೋರ್ನ್‌ನಲ್ಲಿದ್ದ ಮಗಳಿಗೆ ಅಪ್ಪನನ್ನು ಅಲ್ಲಿನ ನರ್ಸಿಂಗ್ ಹೋಮ್‌ಗೆ ಸೇರಿಸುವ ಹಟ. ಇವರು ಒಬ್ಬರೇ ಇರಬಲ್ಲರೇ ಎಂದು ನೋಡಲು ಸರ್ಕಾರದ ಅಧಿಕಾರಿಯೊಬ್ಬಳು ಬರುವವಳಿದ್ದಳು. ಹಿಂದಿನ ವಾರವಷ್ಟೇ ಅಜ್ಜ ಬಚ್ಚಲಲ್ಲಿ ಬಿದ್ದು, ತಾವೇ ಎದ್ದಿದ್ದರು. ನನಗೊಬ್ಬಳಿಗೇ ಹೇಳಿದ್ದರು.

"ನಮ್ಮ ಕಡೆ ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀವು ಒಂದೇ ಒಂದು ಹೇಳಿ, ಸಾಕು" ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ತಲೆಯಾಡಿಸಿದರು.

ಅವಳು ಬಂದ ದಿನ ಅಜ್ಜ ಟೈ ಕಟ್ಟಿ ಕೂತಿದ್ದರು. ಎದ್ದು ನಡೆದು ತೋರಿಸಿದರು, ಟೀ ಮಾಡಿ ಕೊಟ್ಟರು. ಅವಳಿಗೂ ಮೆಚ್ಚುಗೆಯಾಯಿತು. ಹೊರಡಲು ಎದ್ದವಳು, "ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದೀರಾ?" ಎಂದು ಕೇಳಿದಳು.

ನಾನು ಅಜ್ಜನ ಮುಖವನ್ನೇ ನೋಡುತ್ತಿದ್ದೆ.

"ಬಿದ್ದಿದ್ದೆ, ಬಚ್ಚಲಲ್ಲಿ. ಯಾರೂ ನೋಡಲಿಲ್ಲ" ಎಂದರು.

ಅವಳು ಮತ್ತೆ ಕೂತಳು.

ಮನೆಗೆ ಬಂದು ಪಾತ್ರೆಗಳನ್ನು ಕುಕ್ಕುತ್ತಿದ್ದರೆ ನನ್ನ ಗಂಡ, "ನೀನ್ಯಾಕೆ ಇಷ್ಟ್ ಟೆನ್ಶನ್ ತಗೋತೀಯ? ಅವ್ರ ಮಗಳು ಡಿಸೈಡ್ ಮಾಡ್ಬಿಟ್ಟಿದಾಳೆ, ಬಿಡು" ಎಂದ. ಅವನ ಮೇಲೂ ರೇಗಿದೆ. ತಿಂಗಳು ಕಳೆಯುವುದರೊಳಗೆ ಅಜ್ಜನ ಅಪಾರ್ಟ್‌ಮೆಂಟ್ ಖಾಲಿಯಾಯಿತು.

ಆಮೇಲೆ ಮೆಲ್ಬೋರ್ನ್‌ನ ಕ್ರೇಗಿಬರ್ನ್‌ನಲ್ಲಿರುವ ತಂಗಿಯ ಮನೆಗೆ ಹೋದಾಗ ನರ್ಸಿಂಗ್ ಹೋಮ್‌ಗೆ ಅವರನ್ನು ನೋಡಲು ಹೋದೆ. ಚೆನ್ನಾಗಿ ಬೈದು ಬರಬೇಕೆಂದೇ ಹೋಗಿದ್ದು. ಅಜ್ಜ ಬೇರೆ ಯಾರದೋ ಸ್ವೆಟರ್ ಹಾಕಿಕೊಂಡು, ಕಾರ್ ಪಾರ್ಕಿಂಗ್ ಕಡೆಯ ಕಿಟಕಿಯ ಹತ್ತಿರ ಕೂತಿದ್ದರು. ಶೇವ್ ಮಾಡಿಸಿರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ, "ನೀನು ಹೇಳಿದ್ದೇ ಸರಿ. ಸುಮ್ಮನಿರಬೇಕಿತ್ತು" ಎಂದರು.

ಈ ಮಾತು ಕೇಳಬೇಕೆಂದೇ ಅಲ್ಲವೇ ನಾನು ಹೋಗಿದ್ದು. ಕೇಳಿದ ಮೇಲೆ ಕುರ್ಚಿ ಎಳೆದು ಅವರ ಪಕ್ಕ ಕೂತೆ. ಇಲ್ಲ ಅಜ್ಜ, ನೀವು ಮಾಡಿದ್ದೇ ಸರಿ ಎನ್ನೋಣವೆಂದುಕೊಂಡೆ. ಹೇಳಿದ್ದರೆ ಸುಳ್ಳಾಗುತ್ತಿತ್ತು, ಅದು ಅವರಿಗೂ ಗೊತ್ತಾಗುತ್ತಿತ್ತು.