ಹಂದಿಯ ಕರುಳು, ನಾಲ್ಕನೆಯ ತಂತಿ

ಅಂದು ಶುಕ್ರವಾರ. ನಮ್ಮಣ್ಣ ಬೋಪಯ್ಯ ಬಾವಿಕಟ್ಟೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಾಡುಹಂದಿಯ ಕರುಳು ತೊಳೆಯುತ್ತಿದ್ದ.

ಅವ್ವ ಹಿಂಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

“ಅದೆಂತಕ್ಕೋ? ತಿನ್ನಲಿಕ್ಕೆ ಮಾಂಸ ಉಂಟಲ್ಲ.”

“ತಿನ್ನಲಿಕ್ಕಲ್ಲ ಅವ್ವಾ, ಬಾರಿಸಲಿಕ್ಕೆ.”

“ಊರವರ ಮಕ್ಕಳು ಹಂದಿ ಹೊಡೀತಾರೆ. ನನ್ನ ಮಗ ಹಂದಿಯ ಹೊಟ್ಟೆ ತೊಳೀತಾನೆ!”

ಅಣ್ಣ ನಕ್ಕ. ನಾನೂ ನಕ್ಕೆ. ಕರುಳನ್ನು ಬೂದಿ ನೀರಿನಲ್ಲಿ ಅದ್ದಿ, ಹಿಂಡಿ, ಒಲೆಯ ಮೇಲಿನ ಅಟ್ಟಕ್ಕೆ ಎಳೆದು ಕಟ್ಟಿದ. “ಒಣಗಲಿ, ಆಮೇಲೆ ಹೊಸೆಯೋಣ. ನೀನೊಂದು ತುದಿ ಹಿಡಿ, ನಾನೊಂದು” ಎಂದ. ಊಟಕ್ಕೆ ಅಕ್ಕಿತರಿಯ ಉಂಡೆ ಕಡಂಬುಟ್ಟು, ಹಂದಿ ಸಾರು. ಊಟವಾದ ಮೇಲೆ ಒಂದು ನಿದ್ದೆ. ಹೇಳಿಕೊಳ್ಳುವಂಥದ್ದು ಏನೂ ನಡೆಯದ ದಿನ.

ಶನಿವಾರ ರಾತ್ರಿ ಅವನು ಮಡಿಕೇರಿಯ ದೊರೆಗಳ ಕ್ಲಬ್ಬಿನ ಡಾನ್ಸಿಗೆ ಬಾರಿಸಿ ಬಂದ. ಭಾನುವಾರ ಚಳಿಜ್ವರ ಹಿಡಿಯಿತು. ಚಳಿಜ್ವರ ನಮ್ಮಲ್ಲಿ ಯಾರಿಗೆ ಬರುವುದಿಲ್ಲ? ಕ್ವಿನೈನ್ ನುಂಗಿ, ಮೂರು ಕಂಬಳಿ ಹೊದ್ದು ಮಲಗಿ, ಎದ್ದು ಗದ್ದೆಗೆ ಹೋಗುವವರು ನಾವು. ಅಣ್ಣ ಏಳಲಿಲ್ಲ.

ಈ ಅಂಕಣದ ಜಾಗದಲ್ಲಿ ಕೆಲವು ವಾರ ಗೊಬ್ಬರದ ಜಾಹೀರಾತು ಇದ್ದದ್ದು ಅದಕ್ಕೆ. (ಓದುಗರು ಗಮನಿಸದಿದ್ದರೆ ನನಗೇನೂ ಬೇಸರವಿಲ್ಲ. ಗೊಬ್ಬರವೂ ಬೇಕಾದ್ದೇ.)

ಅಣ್ಣ ಬಾರಿಸುತ್ತಿದ್ದುದು ಬಾಸ್. ನೋಡದವರಿಗೆ ಹೇಳುತ್ತೇನೆ. ಪಿಟೀಲನ್ನು ಆಳೆತ್ತರಕ್ಕೆ ಬೆಳೆಸಿ ನೆಟ್ಟಗೆ ನಿಲ್ಲಿಸಿ. ನಾಲ್ಕು ದಪ್ಪ ತಂತಿ. ಅದನ್ನು ತಬ್ಬಿಕೊಂಡು ಬೆರಳಿನಿಂದ ಎಳೆದು ಬಿಡಬೇಕು. ಗುಂ ಎನ್ನುತ್ತದೆ. ಕಿವಿಗೆ ಕೇಳುವುದಕ್ಕಿಂತ ಮೊದಲು ಕಾಲಡಿಯ ಹಲಗೆಗೆ ಗೊತ್ತಾಗುತ್ತದೆ.

ಅಣ್ಣ ಪಟಾಲಮ್ಮಿನ ಬ್ಯಾಂಡಿಗೆಂದು ಬೆಂಗಳೂರಿನ ದಂಡಿಗೆ ಹೋದವನು. ಅಲ್ಲಿ ಹೋಟೆಲಿನಲ್ಲಿ ಬಾರಿಸುವ ಮುದುಕರೊಬ್ಬರಿಂದ ಈ ವಾದ್ಯವನ್ನೂ ಜಾಝ್ ಎಂಬ ಸಂಗೀತವನ್ನೂ ಹಿಡಿದುಕೊಂಡ. ಪಟಾಲಮ್ಮು ಬಿಟ್ಟು ಬರುವಾಗ ಬಸ್ಸಿನ ಮೇಲೆ ಬಾಸಿನ ಆಳುದ್ದದ ಪೆಟ್ಟಿಗೆ ಕಟ್ಟಿಸಿದ್ದ. ಫ್ರೇಸರ್‌ಪೇಟೆಯಲ್ಲಿ ಬಸ್ ನಿಂತಾಗ ಚಹಾದಂಗಡಿಯ ಮುಂದಿದ್ದವರೆಲ್ಲ ಎದ್ದು ನಿಂತರಂತೆ. ಒಬ್ಬರು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರಂತೆ, “ಯಾರು ಹೋದದ್ದು?”

ಈ ಕಥೆಯನ್ನು ಅಣ್ಣ ಎಷ್ಟೋ ಸಲ ಹೇಳಿ ನಗಿಸಿದ್ದಾನೆ. ಈಗ ಅದನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಬಾಸಿನ ವಿಷಯದಲ್ಲಿ ಅವನ ಅಭಿಪ್ರಾಯಗಳು ಗಟ್ಟಿ. ತಂತಿ ಎಂದರೆ ಕರುಳಿನ ತಂತಿ. ಉಕ್ಕಿನ ತಂತಿ ಬಂದಿದೆಯಂತೆ ಎಂದರೆ, “ಅದರಲ್ಲಿ ಬಟ್ಟೆ ಒಣಗಿಸಲಿ” ಎನ್ನುತ್ತಿದ್ದ. ತಂತಿಗಳನ್ನು ಹಲಗೆಯಿಂದ ಎತ್ತರಕ್ಕೆ ಎತ್ತಿ ಕಟ್ಟುತ್ತಿದ್ದ. ಹಾಗೆ ಕಟ್ಟಿದರೆ ದನಿ ದೊಡ್ಡದು, ಬೆರಳು ಹಣ್ಣು. ರಾತ್ರಿ ಅವ್ವ ಅವನ ಬೆರಳಿಗೆ ತುಪ್ಪ ಹಚ್ಚುತ್ತಾ ಬೈಯುತ್ತಿದ್ದಳು. ತಂತಿಯ ಕೆಳಗಿನ ಕುದುರೆ ಮುರಿದಾಗ ಹಲಸಿನ ಮರದಲ್ಲಿ ತಾನೇ ಕೆತ್ತಿದ. ಕ್ಲಬ್ಬಿನ ಪಾಲಿಶ್ ನೆಲದ ಮೇಲೆ ಬಾಸ್ ಜಾರದಿರಲೆಂದು ಅದರ ಕಾಲಿಗೆ ತೆಂಗಿನ ಕರಟ ಕೊಟ್ಟಿದ್ದ. (ದೊರೆಸಾನಿಯೊಬ್ಬರು ಅದನ್ನು ನಮ್ಮ ಕೊಡಗಿನ ಶಾಸ್ತ್ರವೆಂದು ತಿಳಿದು ಕೈಮುಗಿದರಂತೆ.)

ನಮ್ಮ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ತಂತಿ ಸಡಿಲಾಗುತ್ತದೆ. ಅದಕ್ಕೆ ಬಾಸ್ ಅಡುಗೆಮನೆಯ ಮೂಲೆಯಲ್ಲಿ, ಹಂದಿ ಮಾಂಸ ಹೊಗೆಗೆ ಹಾಕುವ ಅಟ್ಟದ ಕೆಳಗೆ ನಿಲ್ಲುತ್ತಿತ್ತು. ಬಾಸಿಗೂ ಆ ವಾಸನೆ ಹಿಡಿಯಿತು. ಡಾನ್ಸಿನ ನಡುವೆ ದೊರೆಗಳಿಗೆ ಇದ್ದಕ್ಕಿದ್ದಂತೆ ಹಸಿವಾಗುವುದು ತನ್ನಿಂದಲೇ ಎಂದು ಅಣ್ಣ ಹೇಳಿಕೊಳ್ಳುತ್ತಿದ್ದ.

ಯುದ್ಧ ಶುರುವಾದ ಮೇಲೆ ಹಡಗಿನಲ್ಲಿ ತಂತಿ ಬರುವುದು ನಿಂತಿತು. ಇದ್ದದ್ದರಲ್ಲಿ ಎಲ್ಲಕ್ಕಿಂತ ದಪ್ಪದ ತಂತಿ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಒಂದು ದಿನ ಕಿತ್ತುಹೋಯಿತು. ಹಂದಿಯ ಕರುಳಿನ ಪ್ರಯೋಗ ಅದಕ್ಕಾಗಿ.

ಒಮ್ಮೆ ನಾನು ಕೇಳಿದೆ. “ಈ ಜಾಝಿನಲ್ಲಿ ಮನಸ್ಸಿಗೆ ಬಂದಂತೆ ಬಾರಿಸುತ್ತೀರಂತಲ್ಲ. ಅದಕ್ಕೆ ಕಲಿಯುವುದೇಕೆ?”

“ಪುತ್ತರಿಗೆ ಮನೆಮನೆಗೆ ಹಾಡಲಿಕ್ಕೆ ಬರುತ್ತಾರಲ್ಲ, ಅವರು ಮನಸ್ಸಿಗೆ ಬಂದಂತೆ ಹಾಡುತ್ತಾರಾ?” ಎಂದು ಅಣ್ಣ ತಿರುಗಿ ಕೇಳಿದ.

ಸುಗ್ಗಿಯ ಪುತ್ತರಿ ಹಬ್ಬಕ್ಕೆ ನಾಲ್ವರು ಬರುತ್ತಾರೆ. ಕೈಯಲ್ಲಿ ಡಮರುವಿನಂಥ ಚಿಕ್ಕ ದುಡಿ. ತಾಳ ಹಳೆಯದು, ಸಾಲಿನ ಅಳತೆ ಹಳೆಯದು. ಆದರೆ ಹೊಸ್ತಿಲು ದಾಟಿ ಒಳಗೆ ಕಣ್ಣಾಡಿಸಿ, ಆ ಮನೆಯ ಹಿರಿಯನ ಹೆಸರು, ದನದ ಕೊಟ್ಟಿಗೆ, ಹೊಸ ಸೊಸೆ ಎಲ್ಲವನ್ನೂ ಆ ಅಳತೆಯೊಳಗೆ ಕೂರಿಸಿ ಹಾಡುತ್ತಾರೆ.

“ನಮ್ಮ ಬ್ಯಾಂಡಿನ ಡಿಸೋಜ ಪಿಯಾನೋದಲ್ಲಿ ಮಾಡುವುದೂ ಅದೇ. ಟ್ಯೂನು ಹಳೆಯದು. ಇವತ್ತು ಯಾರ ಮನೆಗೆ ಬಂದಿದ್ದೇವೆ ಅಂತ ನೋಡಿ ಹಾಡುವುದು.”

“ಹಾಗಾದರೆ ನೀನು?”

“ನಾನು ದುಡಿ. ಅವನು ಹಾಡುತ್ತಾ ಗುಡ್ಡ ಹತ್ತಿದರೂ ವಾಪಸ್ ಬರುವ ದಾರಿ ಬೇಕಲ್ಲ. ನನ್ನನ್ನು ಯಾರೂ ಕೇಳುವುದು ಬೇಡ. ಯಾರೂ ದಾರಿ ತಪ್ಪದಿದ್ದರೆ ಸಾಕು.”

ಯಾರೂ ಕೇಳುವುದು ಬೇಡ ಎಂದವನ ಮಾತು ಎಷ್ಟು ಚೆನ್ನಾಗಿ ನಡೆಯಿತು ಎಂಬುದನ್ನು ಹೇಳಬೇಕು.

ಅವನು ಹೋದ ದಿನ ಅಂಗಳದಲ್ಲಿ ಜೋಡಿ ಗುಂಡು ಹಾರಿಸಿದರು. ಗುಂಡಿನ ಸದ್ದು ಕೇಳಿ ಊರು ಸೇರಿತು. ನಾಲ್ವರು ದುಡಿ ಹಿಡಿದು ಸಾವಿನ ಹಾಡು ಹಾಡಿದರು. ಮುಂದಾಳು ಕಾಳಪ್ಪಜ್ಜ. ನಮ್ಮ ಸುತ್ತಿನಲ್ಲಿ ಸತ್ತವರನ್ನೆಲ್ಲ ಹಾಡಿ ಕಳಿಸಿದವರು ಅವರೇ. ಹುಟ್ಟಿದ ಮನೆ ಬಂತು, ತಂದೆ ತಾಯಿ ಬಂದರು, ಪಟಾಲಮ್ಮು ಬಂತು. ಆಮೇಲೆ, ಗಂಡಸಾಗಿ ಅವನು ಏನು ಮಾಡಿದ ಎಂದು ಹೇಳುವ ಜಾಗ ಬಂತು.

ಕಾಳಪ್ಪಜ್ಜ ಹಾಡಿದರು: ಕೋವಿ ಹಿಡಿದ, ಕಾಡು ಹೊಕ್ಕ, ಹುಲಿಯ ಎದುರು ನಿಂತ.

ನಮ್ಮಣ್ಣ! ಕೋಳಿ ಕೊಯ್ಯುವಾಗ ಕೊಟ್ಟಿಗೆಯ ಹಿಂದೆ ಹೋಗಿ ನಿಲ್ಲುತ್ತಿದ್ದವನು. ವರ್ಷಕ್ಕೊಮ್ಮೆ ಆಯುಧದ ಹಬ್ಬವಾದ ಕೈಲ್ ಮುಹೂರ್ತಕ್ಕೆ ಕೋವಿ ಒರೆಸಿ ಹೂ ಮುಡಿಸಿ ಇಡುವುದು ಬಿಟ್ಟರೆ ಅದನ್ನು ಮುಟ್ಟದವನು.

ಅಜ್ಜನನ್ನು ದೂರಲೇ? ನಮ್ಮ ಪತ್ರಿಕೆಗಳ ನಿಧನವಾರ್ತೆ ನೋಡಿ. ಎಲ್ಲರೂ ಸರಳರು, ಸಜ್ಜನರು, ಪರೋಪಕಾರಿಗಳು. ಬದುಕಿದ್ದಾಗ ಇವರೆಲ್ಲ ಯಾವ ಊರಲ್ಲಿದ್ದರು? (ಅಂಥವು ಕೆಲವನ್ನು ನಾನೇ ಬರೆದಿದ್ದೇನೆ.) ಸತ್ತವನ ಅಳತೆ ತೆಗೆಯಲು ಯಾರಿಗೂ ಪುರುಸೊತ್ತಿಲ್ಲ. ಇದ್ದ ಅಂಗಿಯನ್ನೇ ತೊಡಿಸುತ್ತೇವೆ.

ಮುಂದಿನ ಭಾನುವಾರ ಡಿಸೋಜ ಬಂದರು. ಮಂಗಳೂರು ಕಡೆಯವರು, ಕ್ಲಬ್ಬಿನ ಪಿಯಾನೋ ಅವರದು. ಜಗಲಿಯಲ್ಲಿ ಕೂತು ಟೋಪಿಯನ್ನು ಮೊಣಕಾಲಿನ ಮೇಲೆ ತಿರುಗಿಸುತ್ತಾ ಇದ್ದರು.

“ನಿನ್ನೆ ಅವರಿಲ್ಲದೆ ಬಾರಿಸಿದ್ದು ಮಾರಾಯ್ರೆ. ಎಂತ ಹೇಳುವುದು! ನಾನೊಂದು ಕಡೆ ಮುಗಿಸಿದೆ, ಟ್ರಂಪೆಟಿನವ ಒಂದು ಕಡೆ ಮುಗಿಸಿದ, ಡ್ರಮ್ಮಿನವ ಮುಗಿಸಲೇ ಇಲ್ಲ. ದೊರೆಗಳು ಒಬ್ಬರ ಕಾಲು ಒಬ್ಬರು ತುಳಿದದ್ದು. ಸೆಕ್ರೆಟರಿ ಬಂದು ಕೇಳ್ತಾರೆ, ಇವತ್ತು ನೀವೆಲ್ಲ ಕುಡಿದಿದ್ದೀರಾ ಅಂತ.”

“ನೀವೆಂತ ಹೇಳಿದಿರಿ?”

“ಬೋಪಯ್ಯ ಇಲ್ಲ ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಯಾರು ಬೋಪಯ್ಯ ಅಂದರು.”

ಯಾರು ಬೋಪಯ್ಯ? ಆ ಪ್ರಶ್ನೆಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕ್ಲಬ್ಬಿಗೆ ಅವನು ಗೊತ್ತಿಲ್ಲ. ಊರಿನ ಹಾಡಿನಲ್ಲಿ ಇರುವವನು ಬೇರೆ ಯಾರೋ ಬೇಟೆಗಾರ. ಹಾಗಾದರೆ ನಮ್ಮ ಮನೆಯಲ್ಲಿದ್ದವನು ಎಲ್ಲಿ ಹೋದ?

ಸಂಜೆ ಕಾಳಪ್ಪಜ್ಜನ ಮನೆಗೆ ಹೋದೆ. ಡಿಸೋಜರೂ ಬಂದರು. ಅಜ್ಜ ಅಂಗಳದಲ್ಲಿ ಬುಟ್ಟಿ ಹೆಣೆಯುತ್ತಿದ್ದರು. (ನಾವು ಆಡಿದ್ದು ಕೊಡವ ಭಾಷೆ. ಎಲ್ಲ ಓದುಗರಿಗೂ ತಿಳಿಯಲೆಂದು ಕನ್ನಡ ಮಾಡಿದ್ದೇನೆ. ಮೋನೇ ಎಂಬುದನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಮಗನೇ ಎಂದು ಅರ್ಥ.)

“ಅಜ್ಜ, ಅಣ್ಣ ಕೋವಿ ಹಿಡಿದವನಲ್ಲ.”

“ನನಗೆ ಗೊತ್ತಿಲ್ಲವಾ ಮೋನೇ? ಮೊಲ ಕಂಡರೆ ಅವನೇ ಓಡುತ್ತಿದ್ದ.”

“ಮತ್ತೆ ಹುಲಿ?”

“ಹಾಡಿನಲ್ಲಿ ಆ ಜಾಗ ಉಂಟಲ್ಲ. ಖಾಲಿ ಬಿಡಲಿಕ್ಕೆ ಆಗುತ್ತದಾ? ಹುಲಿಯಿಂದ ಯಾರ ಮಾನವೂ ಹೋಗುವುದಿಲ್ಲ.”

“ಅಲ್ಲಿ ಬಾಸ್ ಹಾಕಿ. ಮಾದದ ದಿನ ಇನ್ನೊಮ್ಮೆ ಹಾಡಿ.”

ಮಾದ ಎಂದರೆ ಸೂತಕ ಕಳೆಯುವ ದಿನ. ಊರೆಲ್ಲ ಊಟಕ್ಕೆ ಸೇರುತ್ತದೆ. ಆಮೇಲೆ ಸತ್ತವನ ಕೆಲಸ ಮುಗಿಯಿತು ಎಂದು ಲೆಕ್ಕ. ಆ ದಿನ ದಾಟಿದರೆ ಹಾಡಿನಲ್ಲಿ ಕೋವಿಯೇ ಉಳಿಯುತ್ತದೆ ಎಂಬುದು ನನ್ನ ಭಯ.

ಅಜ್ಜ ಬುಟ್ಟಿ ಕೆಳಗಿಟ್ಟರು. “ನಾನು ಹುಲಿ ನೋಡಿದ್ದೇನೆ. ಕೋವಿ ಶಬ್ದ ಕೇಳಿದ್ದೇನೆ. ನಿನ್ನಣ್ಣನ ಪೆಟ್ಟಿಗೆ ಹೇಗೆ ಕೂಗುತ್ತದೆ ಅಂತ ಒಂದು ದಿನವೂ ಕೇಳಿಲ್ಲ. ಕ್ಲಬ್ಬಿನೊಳಗೆ ನನ್ನನ್ನು ಯಾರು ಬಿಡುತ್ತಾರೆ? ಕೇಳದ್ದನ್ನು ಹೇಗೆ ಹಾಡಲಿ? ಮೊದಲು ಕೇಳಿಸು.”

ಅದು ನ್ಯಾಯವೇ. ನಾನೇ ಅವನನ್ನು ಕ್ಲಬ್ಬಿನಲ್ಲಿ ಕೇಳಿದವನಲ್ಲ. ಮಳೆಗಾಲದ ಮಧ್ಯಾಹ್ನಗಳಲ್ಲಿ, ಅಡುಗೆಮನೆಯಲ್ಲಿ ಕೇಳಿದ್ದು.

ಮರುದಿನ ಡಿಸೋಜ ಗ್ರಾಮಫೋನನ್ನು ಬಟ್ಟೆಯಲ್ಲಿ ಸುತ್ತಿ ತಂದರು. ಕಲ್ಕತ್ತೆಯ ಯಾವುದೋ ಬ್ಯಾಂಡಿನ ರೆಕಾರ್ಡು. ಅಜ್ಜ ನಮ್ಮ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತರು. ಅವ್ವ ಬಾಗಿಲಿಗೆ ಒರಗಿ ನಿಂತಳು. ಮುಳ್ಳು ಇಟ್ಟರು.

“ಕೊಂಬು ಕೇಳುತ್ತದೆ” ಎಂದರು ಅಜ್ಜ. “ತಟ್ಟೆ ಬಡಿಯುವುದು ಕೇಳುತ್ತದೆ. ಬಾಸ್ ಎಲ್ಲಿ?”

“ಉಂಟು ಅಜ್ಜ, ಅಡಿಯಲ್ಲಿ ಉಂಟು” ಎಂದರು ಡಿಸೋಜ. ಕನ್ನಡದಲ್ಲೇ ಹೇಳಿದರು.

ಮತ್ತೆ ಹಾಕಿದರು. ಅಜ್ಜ ಗ್ರಾಮಫೋನಿನ ತುತ್ತೂರಿಯ ಒಳಗೆ ತಲೆ ತೂರಿಸುವಷ್ಟು ಹತ್ತಿರ ಹೋದರು. ಇಲ್ಲ. ಅಷ್ಟು ಕೆಳಗಿನ ದನಿ ಆ ಚಿಕ್ಕ ತುತ್ತೂರಿಯಲ್ಲಿ ಹೊರಗೇ ಬರುವುದಿಲ್ಲವಂತೆ. ಡಿಸೋಜರಿಗೆ ಮಾತ್ರ ಕೇಳುತ್ತಿತ್ತು. ಇದೆ ಎಂದು ಗೊತ್ತಿದ್ದವರಿಗೆ ಕೇಳುತ್ತದೇನೋ.

ಕೊನೆಗೆ ನಾನು ಅಡುಗೆಮನೆಯಿಂದ ಬಾಸನ್ನೇ ಹೊತ್ತು ತಂದೆ. ಕರಟದ ಮೇಲೆ ನಿಲ್ಲಿಸಿದೆ. ಉಳಿದ ಮೂರು ತಂತಿಯೂ ಸಡಿಲಾಗಿದ್ದವು. ಬಿಗಿಸುವ ಬಿರಡೆ ತಿರುಗಿಸಲು ಹೆದರಿಕೆ. ಕಿತ್ತರೆ ಬೇರೆ ಎಲ್ಲಿದೆ? ಹಾಗೆಯೇ ಎಳೆದು ಬಿಟ್ಟೆ.

ಧಡ್ ಎಂದಿತು. ಅಕ್ಕಿಮೂಟೆ ಬಿದ್ದ ಹಾಗೆ.

“ಇದಾ?” ಎಂದರು ಅಜ್ಜ.

“ಅದಲ್ಲ” ಎಂದಳು ಅವ್ವ. ಅಣ್ಣ ಹೋದ ಮೇಲೆ ಹೊರಗಿನವರ ಎದುರು ಅವಳು ಆಡಿದ ಮೊದಲ ಮಾತು. “ಅದಲ್ಲ ಮಾವ. ನಾನು ರೊಟ್ಟಿ ತಟ್ಟುತ್ತಿದ್ದರೆ ಅವನು ಹಿಂದೆ ಬಾರಿಸುತ್ತಿದ್ದ. ನನ್ನ ಕೈ ಅದರ ಜೊತೆಗೇ ಹೋಗುತ್ತಿತ್ತು. ಈಗ ರೊಟ್ಟಿ ಒಂದೊಂದೂ ಒಂದೊಂದು ದಪ್ಪ ಬರುತ್ತದೆ.”

ಗ್ರಾಮಫೋನಿನ ತಟ್ಟೆ ಸುಮ್ಮನೆ ತಿರುಗುತ್ತಿತ್ತು.

“ಹೇಗೆ ತಟ್ಟುತ್ತಿದ್ದೆ ತೋರಿಸು” ಎಂದರು ಅಜ್ಜ.

ಅವ್ವ ಬಾಗಿಲ ಚೌಕಟ್ಟಿನ ಮೇಲೆ ಅಂಗೈಯಿಂದ ತಟ್ಟಿದಳು. ಒಂದೇ ಸಮ, ಅವಸರವಿಲ್ಲ, ಆಲಸ್ಯವಿಲ್ಲ. ಡಿಸೋಜರ ಬೆರಳು ಮೊಣಕಾಲಿನ ಮೇಲೆ ತಾನಾಗಿ ಆಡತೊಡಗಿತು. ಸ್ವಲ್ಪ ಹೊತ್ತಿಗೆ ಅವರು ಮುಖವನ್ನು ಟೋಪಿಯಲ್ಲಿ ಮುಚ್ಚಿಕೊಂಡರು.

“ಅಣ್ಣ ತಾನು ದುಡಿ ಅನ್ನುತ್ತಿದ್ದ, ಅಜ್ಜ” ಎಂದೆ.

“ದುಡಿ ಅಂಗೈಯಲ್ಲಿ ಹಿಡಿಯುವುದು. ಇದು ಆಳೆತ್ತರ ಉಂಟು. ದೊಡ್ಡಸ್ತಿಕೆ ಅವನದು!” ಎಂದು ಗೊಣಗುತ್ತಾ ಅಜ್ಜ ಎದ್ದು ಹೋದರು. ಹಾಡುತ್ತೇನೆ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ.

ಮಾದದ ದಿನ ಊಟಕ್ಕೆ ಮೊದಲು ನಾಲ್ವರು ಕೂತರು. ಮನೆ ಬಂತು, ತಂದೆ ತಾಯಿ ಬಂದರು, ಪಟಾಲಮ್ಮು ಬಂತು. ಆಮೇಲೆ ಆ ಜಾಗ ಬಂತು.

ಕಾಳಪ್ಪಜ್ಜ ಬಾಯಿ ಮುಚ್ಚಿದರು. ಬರಿಯ ದುಡಿ ಬಾರಿಸಿದರು. ಅವ್ವ ಚೌಕಟ್ಟಿನ ಮೇಲೆ ತಟ್ಟಿ ತೋರಿಸಿದ ಹಾಗೆಯೇ, ಅವಸರವಿಲ್ಲದೆ, ಎರಡು ಸಾಲಿನಷ್ಟು ಹೊತ್ತು. ಉಳಿದ ಮೂವರು ಗಾಬರಿಯಾಗಿ ಅವರ ಮುಖ ನೋಡಿದರು, ಆಮೇಲೆ ಜೊತೆಗೆ ಹೊಡೆದರು. ಮಾತಿಲ್ಲ. ಕೋವಿಯಿಲ್ಲ, ಹುಲಿಯಿಲ್ಲ. ಮುಂದಿನ ಸಾಲಿನಿಂದ ಹಾಡು ಮತ್ತೆ ನಡೆಯಿತು.

ನನ್ನ ಪಕ್ಕದಲ್ಲಿದ್ದವರು ಕಿವಿಯ ಹತ್ತಿರ ಬಾಗಿದರು. “ಅಜ್ಜನಿಗೆ ವಯಸ್ಸಾಯಿತು, ಪಾಪ. ಸಾಲು ಮರೆತುಬಿಟ್ಟರು.”

ಒಳಗೆ ಅವ್ವ ನಿಂತಲ್ಲಿಂದ ಕದಲದೆ ಕೇಳುತ್ತಿದ್ದಳು. ಊಟವಾದ ಮೇಲೆ ಅಜ್ಜ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನನಗಷ್ಟೇ ಹೇಳಿದರು. “ಇಷ್ಟೇ ನನ್ನಿಂದ ಆದದ್ದು, ಮೋನೇ. ತಾಳ ಇಟ್ಟೆ. ಅದರ ದನಿ ನನಗೆ ಗೊತ್ತಿಲ್ಲ.”

ದನಿ ಗೊತ್ತಿದ್ದವರು ಅವ್ವ, ಡಿಸೋಜ, ನಾನು. ನಾವು ಮೂವರೂ ಹಾಡುವವರಲ್ಲ.

ಬಾಸ್ ಮತ್ತೆ ಅಡುಗೆಮನೆಯ ಮೂಲೆಗೆ ಬಂದಿದೆ. ಕರುಳು ಒಣಗಿ, ಹೊಗೆಗೆ ಕಪ್ಪಾಗಿ ಅಟ್ಟದಲ್ಲಿ ತೂಗುತ್ತಿದೆ. ಅದನ್ನು ಹೊಸೆಯಲು ಇಬ್ಬರು ಬೇಕು, ಎರಡೂ ತುದಿ ಹಿಡಿಯಬೇಕು. ನಾಲ್ಕನೆಯ ತಂತಿ ಇಲ್ಲ.