ಇನ್ನೊಬ್ಬರ ಕೈಯಾಗಿ ಒಂದು ವರ್ಷ

ಬೀದಿ ದೀಪ ಇನ್ನೂ ಆರಿಲ್ಲ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು ಒಂದು ಸ್ಟೂಲು. ಅದರ ಮೇಲೆ ಕೂತ ಹೆಂಗಸು ತೊಡೆಯ ಮೇಲೆ ಹಳೇ ಟವೆಲು ಹಾಸಿಕೊಂಡು, ಯಾರೋ ಅರ್ಧಕ್ಕೆ ಬಿಟ್ಟ ಕ್ರೋಶಾ ಟೇಬಲ್ ಕ್ಲಾತನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಮೊದಲು ಹೆಣೆದವರ ಕೊನೆಯ ಎರಡು ಸಾಲನ್ನು ಬಿಚ್ಚುತ್ತಾರೆ. ಅದೇ ದಾರದಲ್ಲಿ ಮತ್ತೆ ಹೆಣೆಯುತ್ತಾರೆ. ಮತ್ತೆ ಬಿಚ್ಚುತ್ತಾರೆ. ಮೂರನೇ ಸಲ ಹೆಣೆದಾಗ ಕೈ ಸಿಕ್ಕಿತು ಎಂಬಂತೆ ತಲೆಯಾಡಿಸುತ್ತಾರೆ.

“ಈಯಮ್ಮ ಟಿವಿ ನೋಡ್ಕೊಂಡು ಹಾಕಿದಾರೆ,” ಎನ್ನುತ್ತಾರೆ. “ನಾಲ್ಕು ಕುಣಿಕೆ ಬಿಗಿ, ಐದನೇದು ಸಡಿಲ. ಈಗ ನಾನೂ ಹಾಗೇ ಹಾಕ್ಬೇಕು. ಚೆನ್ನಾಗಿ ಹಾಕ್ಬಿಟ್ರೆ ಕೆಲಸ ಕೆಟ್ಟ ಹಾಗೆ.”

ಒಳಕೋಣೆಯಿಂದ ಅತ್ತೆಯ ದನಿ ಬರುತ್ತದೆ. “ಏಯ್, ಲೈಟ್ ಹಾಕ್ಕೊಳ್ಳೇ! ನಿನ್ನ ಕಣ್ಣು ಹೋದ್ರೆ ಅದನ್ನ ಮುಗಿಸಿಕೊಡೋರು ಯಾರೂ ಇಲ್ಲ.”

“ಹಾಕ್ಕೊಂಡಿದೀನಿ ಅತ್ತೆ.”

“ಸುಳ್ಳು ಬೇರೆ.”

ಇವರು ನಗುತ್ತಾರೆ, ಲೈಟು ಹಾಕುವುದಿಲ್ಲ. ಹಳದಿ ಬಲ್ಬಿನ ಬೆಳಕಿನಲ್ಲಿ ಬಿಳಿ ದಾರವೂ ಕೆನೆ ಬಣ್ಣದಂತೆ ಕಂಡು ಮೋಸ ಮಾಡುತ್ತದಂತೆ. ಬಣ್ಣ ಹೊಂದಿಸಲು ಬೆಳಗಿನ ಈ ಮೊದಲ ಬೆಳಕೇ ಬೇಕು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ದಾರದಂಗಡಿ. ಅಲ್ಲಿ ಇವರ ಹೆಸರು ‘ಮುಗಿಸೋ ಅಕ್ಕ’. ಹವ್ಯಾಸಕ್ಕೆಂದು ಉತ್ಸಾಹದಿಂದ ದಾರ, ಕಡ್ಡಿ, ಚಿತ್ರದ ನಕ್ಷೆ ಎಲ್ಲ ಕೊಂಡು ಹೋದವರು ಎರಡು ತಿಂಗಳ ನಂತರ ಚೀಲ ಹಿಡಿದು ಅದೇ ಅಂಗಡಿಗೆ ಬರುತ್ತಾರೆ. ಕೈನೋವು, ಸಮಯವಿಲ್ಲ, ಬೇಸರವಾಯಿತು. ಅಂಗಡಿಯವರು ಚೀಲ ತೆಗೆದುಕೊಂಡು ಗಲ್ಲಾದ ಕೆಳಗೆ ಇಡುತ್ತಾರೆ. ಸಂಜೆ ಮುಗಿಸೋ ಅಕ್ಕ ಬಂದು ಒಯ್ಯುತ್ತಾರೆ. ಕೆಲವು ವಾರಗಳಲ್ಲಿ ಕೆಲಸ ಪೂರ್ತಿಯಾಗಿ ಮರಳುತ್ತದೆ. ತಂದವರು ಅದನ್ನು ಮನೆಗೊಯ್ದು ಹರವಿ, ಬಂದವರಿಗೆಲ್ಲ “ನಾನೇ ಮಾಡಿದ್ದು” ಎನ್ನುತ್ತಾರೆ. ಈ ಏರ್ಪಾಡಿಗೆ ಇರುವುದು ಒಂದೇ ಷರತ್ತು: ಒಂದು ಕೈ ನಿಂತು ಇನ್ನೊಂದು ಕೈ ಶುರುವಾದ ಜಾಗ ಯಾರಿಗೂ ಕಾಣಬಾರದು.

ಬೇಸರ ಬಂದಾಗ ಬಿಟ್ಟುಬಿಡುವುದೂ ಒಂದು ಸವಲತ್ತು. ಅದು ಎಲ್ಲರಿಗೂ ಇಲ್ಲ. ಬಿಟ್ಟವರ ಪಾಲಿಗೆ ಹವ್ಯಾಸ, ಹೊಗಳಿಕೆ. ಎತ್ತಿಕೊಂಡವರ ಪಾಲಿಗೆ ಕುತ್ತಿಗೆ ನೋವು, ತುಂಡುಗೆಲಸದ ಕೂಲಿ. ಕೈಮಗ್ಗ, ಕೈಕೆಲಸ, ಕೈರುಚಿ ಎಂದು ಕೈಯನ್ನು ಹಾಡಿ ಹೊಗಳುವ ನಾವು, ಆ ಕೈ ಯಾವ ತೋಳಿಗೆ ಅಂಟಿದೆ, ಆ ತೋಳು ಯಾರದು ಎಂದು ಕೇಳುವ ಮೊದಲೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತೇವೆ.

ಇವರಿಗೆ ಕ್ರೋಶಾ ಕಲಿಸಿದ್ದು ಚಿಕ್ಕಮ್ಮ. ಮಗಳು ಚಿಕ್ಕವಳಿದ್ದಾಗ ಒಂದು ಕಡ್ಡಿ ಕೊಳ್ಳಲು ಅಂಗಡಿಗೆ ಹೋಗಿದ್ದರು. ಯಾರೋ ಬಿಟ್ಟುಹೋದ ಮಫ್ಲರೊಂದನ್ನು ಅಂಗಡಿಯವರು ಮುಂದೆ ತಳ್ಳಿ, “ಇದನ್ನ ಅವರ ಥರಾನೇ ಮುಗಿಸೋಕೆ ಆಗುತ್ತಾ ನೋಡಮ್ಮ” ಎಂದರು. ಆಯಿತು. ಅಂದಿನಿಂದ ಹದಿನೆಂಟು ವರ್ಷ ಇದೇ ಕೆಲಸ. ಗಂಡ ಲಿಫ್ಟು ರಿಪೇರಿಗೆ ಹೋಗುತ್ತಾರೆ, ಕರೆ ಬಂದ ದಿನ ಕೆಲಸ. ಮಗಳು ಔಷಧಿ ಅಂಗಡಿಯಲ್ಲಿದ್ದಾಳೆ. ಅತ್ತೆಗೆ ಮಂಡಿನೋವು. ದಿನಕ್ಕೆ ಏಳೆಂಟು ಗಂಟೆ ಕೂತರೆ ಒಂದು ಕ್ರಾಸ್ ಸ್ಟಿಚ್ ಕಸೂತಿ ಚಿತ್ರದಲ್ಲಿ ಅಂಗೈಯಗಲದಷ್ಟು ತುಂಬುತ್ತದೆ. ಆಕಾಶವೇ ಹೆಚ್ಚಿರುವ ಚಿತ್ರವಾದರೆ ಇನ್ನೂ ಕಷ್ಟ. “ಆಕಾಶ ಶುರು ಮಾಡಿದವರೆಲ್ಲ ಅರ್ಧಕ್ಕೇ ಬಿಡ್ತಾರೆ,” ಎನ್ನುತ್ತಾರೆ. “ಜನ ಮನೆ ಹಾಕ್ತಾರೆ, ಮರ ಹಾಕ್ತಾರೆ, ನಾಯಿ ಹಾಕ್ತಾರೆ. ಆಕಾಶ ಮಾತ್ರ ನನಗೆ.”

ಕಳೆದ ವರ್ಷದ ಆರಂಭದಲ್ಲಿ ಅಂಗಡಿಯವರೇ ಒಂದು ಸುದ್ದಿ ತಂದರು. ಹೆಣ್ಣುಮಕ್ಕಳ ತರಬೇತಿ ಕೇಂದ್ರವೊಂದಕ್ಕೆ ವರ್ಷದ ಕೊನೆಯಲ್ಲಿ ಕೈಕೆಲಸ ಕಲಿಸುವವರು ಬೇಕಾಗುತ್ತಾರೆ. ತಿಂಗಳ ಸಂಬಳ, ಹಗಲಿನ ಕೆಲಸ, ದೊಡ್ಡ ಕಿಟಕಿಗಳ ಕೋಣೆ. ಓದು ಇಷ್ಟೇ ಆಗಿರಬೇಕೆಂದಿಲ್ಲ. ಆದರೆ ನಲವತ್ತೈದು ದಾಟಿರಬಾರದು. ಮತ್ತು ಆ ಒಂದು ವರ್ಷದಲ್ಲಿ ತಾನೇ ಮಾಡಿದ ಕ್ರೋಶಾ, ಕ್ರಾಸ್ ಸ್ಟಿಚ್ ಕೆಲಸಗಳನ್ನು ತಂದು ತೋರಿಸಬೇಕು. ಇವರಿಗೆ ಆಗ ನಲವತ್ತನಾಲ್ಕು. ಇನ್ನೊಂದು ಅವಕಾಶವಿಲ್ಲ.

“ನಿಂಗೆ ಬರದೇ ಇರೋದು ಅದರಲ್ಲಿ ಏನಿದೆ?” ಎಂದರು ಗಂಡ. ಇವರಿಗೂ ಹಾಗೇ ಅನಿಸಿತ್ತು. ತನಗಾಗಿ ಒಂದಿಷ್ಟು ಮಾಡಿಟ್ಟುಕೊಂಡರಾಯಿತು, ವರ್ಷವಿಡೀ ಇದೆಯಲ್ಲ.

ವರ್ಷ ಹೇಗೆ ಹೋಯಿತು ಎಂದು ಕೇಳಿದರೆ ತಿಂಗಳುಗಳ ಹೆಸರು ಹೇಳುವುದಿಲ್ಲ, ಕೆಲಸಗಳ ಹೆಸರು ಹೇಳುತ್ತಾರೆ. ಡಾಕ್ಟರ ಹೆಂಡತಿಯ ಟೇಬಲ್ ಕ್ಲಾತು. ಆಮೇಲೆ ಒಬ್ಬ ಅಜ್ಜಿ ಮೊಮ್ಮಗುವಿಗೆಂದು ಶುರುಮಾಡಿದ ಟೋಪಿ, ಕಾಲುಚೀಲ. ಬೇಸಿಗೆಯಿಡೀ ಬ್ಯಾಂಕಿನವರೊಬ್ಬರ ಪರದೆಯ ಲೇಸು, ಅದರಲ್ಲಿ ನವಿಲು. ಮಳೆಗಾಲದಲ್ಲಿ ಎರಡು ಹಕ್ಕಿಗಳ ಕ್ರಾಸ್ ಸ್ಟಿಚ್ ಚಿತ್ರ. ಆಮೇಲೆ ದಿಂಬಿನ ಅಂಚುಗಳು, ಅವಂತೂ ರಾಶಿ. ಒಂದು ಕೆಲಸ ಮುಗಿಯುವಷ್ಟರಲ್ಲಿ ಇನ್ನೊಂದು ಚೀಲ ಬರುತ್ತಿತ್ತು. ಬಂದದ್ದನ್ನು ಒಲ್ಲೆ ಎಂದರೆ ಆ ವಾರ ಮನೆ ನಡೆಯುವುದಿಲ್ಲ. ಸಂದರ್ಶನಕ್ಕೆ ನಾಲ್ಕು ದಿನ ಉಳಿದಾಗ ಕಬ್ಬಿಣದ ಪೆಟ್ಟಿಗೆ ತೆಗೆದು ನೋಡಿದರು. ದಾರದ ಉಂಡೆಗಳಿದ್ದವು, ಕಡ್ಡಿಗಳಿದ್ದವು.

“ಲೋಕದ ದಿಂಬಿಗೆಲ್ಲ ಅಂಚು ಕಟ್ಟಿದಳು ಮಹಾರಾಯ್ತಿ,” ಎಂದರಂತೆ ಅತ್ತೆ, “ನಮ್ಮನೇಲಿ ತೋರ್ಸೋಕೆ ಒಂದು ಕರ್ಚೀಫ್ ಇಲ್ಲ.” ಹೇಳಿದ ಮರುಗಳಿಗೆ ಅವರಿಗೇ ತಡೆಯಲಿಲ್ಲ. “ಹೋಗೇ, ಅವರ ಮನೆಗಳಿಗೇ ಹೋಗಿ ಒಂದು ದಿನದ ಮಟ್ಟಿಗೆ ಕೇಳು. ಕದಿಯೋಕೆ ಹೋಗ್ತಿದೀಯಾ? ನೀನು ಮಾಡಿದ್ದು ತಾನೇ?”

ಹೊರಟರು. ತನ್ನ ಕೆಲಸವನ್ನು ತಾನೇ ಎರವಲು ಕೇಳಲು, ಖಾಲಿ ಚೀಲ ಹಿಡಿದು.

ಡಾಕ್ಟರ ಹೆಂಡತಿ ಪ್ರೀತಿಯಿಂದಲೇ ಒಳಗೆ ಕರೆದರು, ಕೂರಿಸಿ ಟೀ ಕೊಟ್ಟರು. ಟೀ ಕಪ್ಪು ಇಟ್ಟದ್ದು ಅದೇ ಟೇಬಲ್ ಕ್ಲಾತಿನ ಮೇಲೆ. ವಿಷಯ ಕೇಳಿದ ಮೇಲೆ ದನಿ ತಗ್ಗಿತು. “ಅಯ್ಯೋ, ಅದರ ಫೋಟೋ ನಮ್ಮ ಗುಂಪಲ್ಲೆಲ್ಲ ಹಾಕಿದೀನಲ್ಲ. ಅಲ್ಲಿ ಯಾರಾದ್ರೂ ಗುರುತು ಹಿಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಬೇಕಿದ್ರೆ ಬೇರೆ ಏನಾದ್ರೂ ಸಹಾಯ ಕೇಳಿ. ಅಲ್ಲದೆ, ಶುರು ಮಾಡಿದ್ದು ನಾನೇ ಅಲ್ವಾ?”

“ಹೌದಮ್ಮ, ಶುರು ನಿಮ್ಮದೇ,” ಎಂದು ಟೀ ಮುಗಿಸಿ ಎದ್ದರು.

ಅಜ್ಜಿಯ ಮನೆಯಲ್ಲಿ ಮಗು ಬೆಳೆದಿತ್ತು, ಟೋಪಿ ಯಾರಿಗೋ ಹೋಗಿತ್ತು. ಬ್ಯಾಂಕಿನವರು ಬಾಗಿಲಲ್ಲೇ ನಿಲ್ಲಿಸಿ, “ಕೆಲಸಕ್ಕೆ ದುಡ್ಡು ತಗೊಂಡಾಯ್ತಲ್ಲ, ಮತ್ತೇನು?” ಎಂದರು. ದುಡ್ಡು ಕೊಟ್ಟರೆ ದಾರದಂತೆ ಕೈಯನ್ನೂ ಕೊಂಡ ಹಾಗೆ ಎಂದು ಈ ಲೋಕಕ್ಕೆ ಯಾರು ಕಲಿಸಿದರೋ, ಪಾಠವಂತೂ ಎಲ್ಲರಿಗೂ ಬಾಯಿಗೆ ಬರುತ್ತದೆ.

ಉಳಿದದ್ದು ಎರಡು ಹಕ್ಕಿಗಳ ಚಿತ್ರ. ಅದನ್ನು ತಂದಿದ್ದವಳು ಒಬ್ಬ ಶಾಲೆ ಟೀಚರು. ಅವಳ ತಾಯಿ ಕಾಯಿಲೆ ಬಿದ್ದು ಮಲಗಿದ್ದಾಗ ಹಾಸಿಗೆಯಲ್ಲೇ ಶುರುಮಾಡಿದ್ದು. ಒಂದು ಹಕ್ಕಿ ಪೂರ್ತಿ, ಇನ್ನೊಂದರ ಕೊಕ್ಕು, ಕತ್ತು. ಅಲ್ಲಿಗೆ ತಾಯಿ ತೀರಿಕೊಂಡರು. “ಅಪ್ಪನಿಗೆ ಅಮ್ಮನೇ ಮುಗಿಸಿ ಹೋದಳು ಅಂತ ಹೇಳ್ತೀನಿ ಅಕ್ಕಾ, ಗೊತ್ತಾಗದ ಹಾಗೆ ಮಾಡಿಕೊಡಿ,” ಎಂದು ಟೀಚರು ಕೇಳಿಕೊಂಡಿದ್ದಳು.

ಗೊತ್ತಾಗದ ಹಾಗೆ ಮಾಡುವುದು ಅಲ್ಲಿ ಸುಲಭವಿರಲಿಲ್ಲ. ಆ ತಾಯಿಯ ಕೈ ನಡುಗುತ್ತಿತ್ತು. ಸಣ್ಣ ಚೌಕಗಳ ಬಟ್ಟೆಯ ಮೇಲೆ ಒಂದೊಂದು ಹೊಲಿಗೆಯೂ ಅರ್ಧ ಎಳೆಯಷ್ಟು ಓರೆ. ಆ ನಡುಕವನ್ನೇ ಹಿಡಿದು ಕೊನೆಯವರೆಗೂ ಹೋದರೆ ಚಿತ್ರ ನೋಡಲಾಗುವುದಿಲ್ಲ, ಮನೆಯವರಿಗೆ ಸಂಕಟವಾಗುತ್ತದೆ ಎಂದು ಇವರು ಯೋಚಿಸಿದರು. ಒಮ್ಮೆಲೇ ನೆಟ್ಟಗೆ ಹಾಕಿದರೆ ಕೈ ಬದಲಾದದ್ದು ಕಾಣುತ್ತದೆ. ಹಾಗಾಗಿ ಮೊದಲ ಸಾಲುಗಳಲ್ಲಿ ತಾನೂ ಅಷ್ಟೇ ನಡುಗಿಸಿ, ಸಾಲು ಕಳೆದಂತೆ ಸ್ವಲ್ಪಸ್ವಲ್ಪವೇ ನೆಟ್ಟಗೆ ತಂದರು. ಎರಡನೇ ಹಕ್ಕಿಯ ಬಾಲಕ್ಕೆ ಬರುವಷ್ಟರಲ್ಲಿ ಹೊಲಿಗೆ ಅಚ್ಚು ಒತ್ತಿದ ಹಾಗೆ. ಇಡೀ ವರ್ಷದಲ್ಲಿ ಮನಸ್ಸಿಗೆ ಒಪ್ಪಿದ ಕೆಲಸ ಅದೊಂದೇ.

ಇವರು ಹೋದಾಗ ಟೀಚರು ಮನೆಯಲ್ಲಿರಲಿಲ್ಲ. ಅಪ್ಪ ಬಾಗಿಲು ತೆರೆದರು. ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಗಳ ಪರಿಚಯದವರೆಂದು ಕೂರಿಸಿದರು. ಎದುರು ಗೋಡೆಯಲ್ಲಿ ಗಾಜಿನ ಚೌಕಟ್ಟಿನೊಳಗೆ ಎರಡು ಹಕ್ಕಿ. ಇವರ ಕಣ್ಣು ಅಲ್ಲೇ ನೆಟ್ಟಿದ್ದು ನೋಡಿ ಮುದುಕರು ಎದ್ದರು.

“ನಮ್ಮನೆಯವಳದು. ಹತ್ತಿರ ಬಂದು ನೋಡಿ, ಇಲ್ಲಿ ಹೇಗೆ ನಡುಗಿದಾಳೆ. ಈಗ ಇಲ್ಲಿ ನೋಡಿ, ರೆಕ್ಕೆ ಹತ್ರ. ಕೈ ಸರಿಹೋಗ್ತಾ ಬಂದಿದೆ. ಬಾಲದಲ್ಲಂತೂ ನಡುಕಾನೇ ಇಲ್ಲ.” ಗಾಜಿನ ಮೇಲೆ ಬೆರಳು ಓಡಿಸುತ್ತ ಅವರು ಹೇಳಿದರು: “ಹುಷಾರಾಗ್ತಾ ಇದ್ಲು ಕಣಮ್ಮ. ಇದನ್ನ ನೋಡಿದಾಗಲೇ ನನಗೆ ತಿಳಿದಿದ್ದು. ಡಾಕ್ಟ್ರು ಇನ್ನು ಮನೆಗೆ ಕರ್ಕೊಂಡು ಹೋಗಿ ಅಂದ್ರು, ನಾನು ಹೂಂ ಅಂದ್ಬಿಟ್ಟೆ. ಇನ್ನೊಂದು ಕಡೆ ತೋರಿಸಿದ್ರೆ ಉಳೀತಿದ್ಲು. ದಿನಾ ಇದರ ಮುಂದೆ ಕೂತು ಅದನ್ನೇ ಯೋಚಿಸ್ತೀನಿ.”

ಈ ಮಾತು ಹೇಳುವಾಗ ಮುಗಿಸೋ ಅಕ್ಕನ ಕೈಯಲ್ಲಿರುವ ಕಡ್ಡಿ ನಿಲ್ಲುತ್ತದೆ. “ನೆಲ ಬಾಯಿ ಬಿಡಬಾರದಾ ಅನ್ನಿಸ್ತು. ಹುಷಾರಾಗಿದ್ದು ಅವರಲ್ಲ, ನಾನು ಹುಷಾರು ಮಾಡಿದ್ದು. ನಡುಗಿಸ್ಕೊಂಡೇ ಮುಗಿಸ್ಬೇಕಿತ್ತು. ಚೆಂದ ಕಾಣ್ಲಿ ಅಂತ ಮಾಡಿದೆನಲ್ಲ, ಆ ಮನುಷ್ಯನ ತಲೆ ಮೇಲೆ ಎಂಥ ಹೊರೆ ಹೊರಿಸಿದೆ!”

“ಏನು ಬಂದಿದ್ರಿ?” ಎಂದು ಮುದುಕರು ಕೇಳಿದಾಗ, “ಸುಮ್ನೆ, ಮಗಳನ್ನ ಮಾತಾಡಿಸೋಣ ಅಂತ” ಎಂದು ಚೀಲ ಮಡಚಿಕೊಂಡು ಬಂದರು. ನಿಜ ಹೇಳಿದರೆ ಮಗಳ ಮಾತು ಸುಳ್ಳಾಗುತ್ತದೆ. ಹೇಳದಿದ್ದರೆ ಆತ ಕೊರಗುತ್ತಾರೆ. ದಾರಿಯಲ್ಲಿ ಶಾಲೆಯ ಗೇಟಿನ ಬಳಿ ನಿಂತು ಟೀಚರನ್ನು ಹೊರಗೆ ಕರೆಸಿದರು. ಕಂಡದ್ದು, ಕೇಳಿದ್ದು ಎಲ್ಲ ಹೇಳಿದರು, ತಾನು ಯಾಕೆ ಹೋಗಿದ್ದೆ ಎನ್ನುವುದನ್ನೂ. ಅಪ್ಪ ಹಾಗೆ ಕೊರಗುತ್ತಿರುವುದು ಅವಳಿಗೂ ಗೊತ್ತಿರಲಿಲ್ಲ. ಗೇಟಿನ ಕಂಬಿ ಹಿಡಿದುಕೊಂಡಳು. “ನೋಡ್ತೀನಿ ಅಕ್ಕಾ. ಹೇಗೆ ಹೇಳೋದೋ ನೋಡ್ತೀನಿ,” ಎಂದಳು.

ಸಂದರ್ಶನಕ್ಕೆ ಬರಿಗೈಯಲ್ಲೇ ಹೋದರು. ಮೇಜಿನಾಚೆ ಮೂವರಿದ್ದರು. ಒಂದೂ ತಂದಿಲ್ಲವೇ ಎಂದಾಗ, “ಎಲ್ಲ ಬೇರೆಯವರ ಮನೇಲಿದೆ” ಎಂದರು. ನಡುವೆ ಕೂತ ಹೆಂಗಸು ಒಳ್ಳೆಯವರೇ. ಹಾಗೇ ವಾಪಸು ಕಳಿಸಲಿಲ್ಲ. ಒಂದು ತುಂಡು ಬಟ್ಟೆ, ಸೂಜಿ, ಕೆಂಪು ದಾರ ಕೊಟ್ಟು, “ಇಲ್ಲೇ ಕೂತು ನಾಲ್ಕು ಸಾಲು ಹಾಕಿ ತೋರಿಸಿ” ಎಂದರು.

ಇವರು ಸೂಜಿಗೆ ದಾರ ಪೋಣಿಸಿ ತಲೆಯೆತ್ತಿ ಕೇಳಿದರು: “ಯಾರ ಥರ ಹಾಕ್ಲಿ ಮೇಡಂ?”

ಮೂವರೂ ನಕ್ಕರು. “ಯಾರ ಥರ ಅಂದ್ರೆ? ನಿಮ್ಮ ಥರ ಹಾಕಿ.”

ಹದಿನೆಂಟು ವರ್ಷದಲ್ಲಿ ಯಾರೂ ಕೇಳದಿದ್ದುದನ್ನು ಅಲ್ಲಿ ಕೇಳಿದರು. ಇವರ ಕೈಗೆ ಅದು ಬರಲಿಲ್ಲ. “ಖಾಲಿ ಬಟ್ಟೆ ಮೇಲೆ ನಾನು ಶುರು ಮಾಡಿದ್ದೇ ಇಲ್ಲ ನೋಡಿ. ಯಾವಾಗ್ಲೂ ಪಕ್ಕದಲ್ಲಿ ಯಾರದಾದ್ರೂ ಒಂದು ಹೊಲಿಗೆ ಇರ್ತಿತ್ತು,” ಎನ್ನುತ್ತಾರೆ ಈಗ. ಕೈ ತನ್ನಷ್ಟಕ್ಕೆ ಒಂದು ದಾರಿ ಹುಡುಕಿಕೊಂಡಿತು. ಮೂರು ಸಾಲಾದ ಮೇಲೆ ಕೆಳಗೆ ನೋಡಿದರೆ, ಒಂದೊಂದು ಹೊಲಿಗೆಯೂ ಅರ್ಧ ಎಳೆಯಷ್ಟು ಓರೆ. ಸತ್ತ ಆ ತಾಯಿಯ ಕೈ. ಬಿಚ್ಚಲು ಹೊರಟಾಗ ಮೇಜಿನಾಚೆಯವರು ಸಾಕು ಎಂದರು.

ಬಟ್ಟೆಯ ತುಂಡು ಕೈಯಿಂದ ಕೈಗೆ ಹೋಯಿತು. ಒಬ್ಬರು ಕನ್ನಡಕ ಸರಿಮಾಡಿಕೊಂಡು ಪಕ್ಕದವರಿಗೆ ಹೇಳಿದ್ದು ಇವರಿಗೂ ಕೇಳಿಸಿತು: “ಕೈ ನಡುಗುತ್ತೆ ಪಾಪ. ಇನ್ನು ಮಕ್ಕಳಿಗೆ ಏನು ಕಲಿಸ್ತಾರೆ?”

ಆ ಕೆಲಸ ಬೇರೊಬ್ಬರಿಗಾಯಿತು. ಮುಂದಿನ ತಿಂಗಳು ಇವರಿಗೆ ನಲವತ್ತೈದು ದಾಟಿತು. ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಅತ್ತೆ ಕೂಡ ಒಂದು ವಾರ ಬೈಯಲಿಲ್ಲವಂತೆ. “ಅದೇ ನಂಗೆ ಹೆಚ್ಚು ಕಷ್ಟ ಆಯ್ತು,” ಎನ್ನುತ್ತಾರೆ ಇವರು.

ಇದಾದ ಮೇಲೆ ಒಂದು ಭಾನುವಾರ ಮುದುಕರು ಮೂರು ಮಹಡಿ ಹತ್ತಿಕೊಂಡು ಬಂದರು. ಮಗಳು ಎಲ್ಲ ಹೇಳಿದ್ದಳು. ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಚೌಕಟ್ಟು. ಏದುಸಿರು ಬಿಡುತ್ತ ಅದನ್ನು ಮೇಜಿನ ಮೇಲಿಟ್ಟರು. “ನಿಮಗೆ ಬೇಕಿತ್ತಂತೆ. ತಗೊಂಡು ಹೋಗಿ ತೋರಿಸಿ.”

“ಅದೆಲ್ಲ ಮುಗೀತು ಯಜಮಾನ್ರೇ.”

ಮುದುಕರು ಕುರ್ಚಿಯಲ್ಲಿ ಕುಸಿದರು. ಅತ್ತೆ ನೀರು ತಂದುಕೊಟ್ಟರು. ಕುಡಿದು, ಪೇಪರು ಬಿಚ್ಚಿ ಚಿತ್ರವನ್ನು ಇವರ ಕಡೆ ತಿರುಗಿಸಿದರು.

“ಎಲ್ಲಿಂದ ನಿಮ್ಮದು? ಅದೊಂದು ತೋರಿಸಿ. ಅಲ್ಲೀವರೆಗೆ ಅವಳು ಅಂತ ನಾನು ತಿಳ್ಕೋಬೇಕು.”

ಇವರು ಚೌಕಟ್ಟನ್ನು ಕಿಟಕಿಯ ಬೆಳಕಿಗೆ ಒಯ್ದರು. ಓರೆ ಹಿಡಿದರು, ನೆಟ್ಟಗೆ ಹಿಡಿದರು. ಬೆರಳನ್ನು ಕತ್ತಿನಿಂದ ರೆಕ್ಕೆಗೆ ತಂದರು, ಮತ್ತೆ ಕತ್ತಿಗೆ ಒಯ್ದರು. ಕೊನೆಗೊಂದು ಕಡೆ ಬೆರಳಿಟ್ಟು, “ಇಲ್ಲಿಂದ” ಎಂದರು. ಮುದುಕರು ಅಲ್ಲಿ ತಮ್ಮ ಬೆರಳಿಟ್ಟುಕೊಂಡರು. “ಹಾಗಾದ್ರೆ ಅವಳು ಹುಷಾರಾಗ್ತಿರ್ಲಿಲ್ಲ.” “ಇಲ್ಲ ಯಜಮಾನ್ರೇ.” ಅವರು ಬೆರಳು ತೆಗೆಯದೆ ಅತ್ತರು. ಆಮೇಲೆ ಚಿತ್ರವನ್ನು ಸುತ್ತಿಕೊಂಡು, ಕಟಾಂಜನ ಹಿಡಿದು, ಒಂದೊಂದೇ ಮೆಟ್ಟಿಲಿಳಿದು ಹೋದರು.

ಬೆಳಕು ಈಗ ಕಿಟಕಿ ತುಂಬ ಬಂದಿದೆ. ಟೇಬಲ್ ಕ್ಲಾತಿನ ಅಂಚು ನಾಲ್ಕು ಬೆರಳಿನಷ್ಟು ಮುಂದೆ ಹೋಗಿದೆ, ಐದನೇ ಕುಣಿಕೆ ಪ್ರತಿ ಸಲವೂ ಸಡಿಲ. ಮುಗಿಸೋ ಅಕ್ಕ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಯಾರ ಕಡೆಗೂ ನೋಡದೆ ಹೇಳುತ್ತಾರೆ:

“ಎಲ್ಲಿಂದ ನಿಮ್ಮದು ಅಂತ ನನ್ನನ್ನ ಕೇಳಿದ್ದು ಅವರೊಬ್ಬರೇ. ತೋರಿಸೋಣ ಅಂತ ಹೋದ್ರೆ, ನಂಗೇ ತಕ್ಷಣ ಸಿಗ್ಲಿಲ್ಲ ನೋಡಿ. ಹುಡುಕ್ಬೇಕಾಯ್ತು. ಅಷ್ಟು ಚೆನ್ನಾಗಿ ಮುಚ್ಚಿದ್ದೆ.”